ಚಳಿ ಶುರುವಾಗುವ ಮುಂಚೆ ಕ್ಯಾಂಪರ್ (ಒಳಗೇ ವಾಸ ಮಾಡಬಹುದಾದ ವಾಹನ) ಪೈಪುಗಳಲ್ಲಿ ನೀರು ಉಳಿಸಬೇಡಿ

ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ. ಪೈಪು ಒಡೆಯಲು ಅಷ್ಟು ಸಾಕು. ಮೊದಲು ಟ್ಯಾಂಕ್‌ಗಳನ್ನು ಖಾಲಿ ಮಾಡಿ. ವಾಟರ್ ಹೀಟರ್ ಆಫ್ ಮಾಡಿ, ಪೂರ್ತಿ ತಣ್ಣಗಾಗಲು ಬಿಡಿ. ಒತ್ತಡ ಇಳಿಸಿದ ಮೇಲೆಯೇ ಡ್ರೈನ್ ಪ್ಲಗ್ ಬಿಚ್ಚಿ. ಇಲ್ಲಿ ಅವಸರ ಖಂಡಿತ ಬೇಡ, ಬಿಸಿನೀರು ಮೈಮೇಲೆ ಚಿಮ್ಮಬಹುದು. ಆಮೇಲೆ ಹೀಟರ್ ಬೈಪಾಸ್ ವಾಲ್ವ್ (ಹೀಟರ್ ಒಳಗೆ ಹೋಗದೆ ನೇರ ಪೈಪಿಗೆ ಹರಿಸುವ ವಾಲ್ವ್) ತಿರುಗಿಸಿ. ಮರೆತರೆ ಹೀಟರ್ ತುಂಬಲಿಕ್ಕೇ ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಸುಮ್ನೆ ಖರ್ಚಾಗುತ್ತದೆ.

ಈಗ ಆರ್‌ವಿಗೆಂದೇ (ಕ್ಯಾಂಪರ್‌ನಂಥ ವಾಹನಗಳಿಗೆಂದೇ) ಬರುವ ಗುಲಾಬಿ ಬಣ್ಣದ ಆಂಟಿಫ್ರೀಜನ್ನು ಪಂಪಿನಿಂದ ಹರಿಸಿ. ಕಾರಿನದ್ದು ಬೇಡವೇ ಬೇಡ, ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ಒಂದೊಂದೇ ನಲ್ಲಿ ತೆರೆದು, ಬಿಸಿನೀರು ತಣ್ಣೀರು ಎರಡರಲ್ಲೂ ಗುಲಾಬಿ ಬಣ್ಣ ಬರುವವರೆಗೆ ಬಿಡಿ. ಟಾಯ್ಲೆಟ್ ಫ್ಲಶ್ ನೆನಪಿರುತ್ತದೆ, ಹೊರಗಿನ ಶವರ್ ಮರೆತುಹೋಗುತ್ತದೆ, ಅಲ್ವಾ? ಸಿಂಕ್, ಶವರ್ ಡ್ರೈನ್‌ಗಳಿಗೂ ಒಂದೊಂದು ಕಪ್ ಸುರಿಯಿರಿ. ಕೆಳಗಿನ ಬಾಗಿದ ಪೈಪಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ.