ಗ್ರೆವಿ ಜೀಬ್ರಾ ಎಣಿಸಿದ ನನ್ನ ಅನುಭವ

ಕೀನ್ಯಾದ ಸಂಬೂರು, ಲೈಕಿಪಿಯಾ ಕಡೆಯ ಒಣ ಬಯಲಿನಲ್ಲಿ ಗ್ರೆವಿ ಎಂಬ ಜಾತಿಯ ಜೀಬ್ರಾಗಳನ್ನು ಎಣಿಸುವ ಕೆಲಸ ಮಾಡಿದ್ದೇನೆ. 1970ರ ದಶಕದ ಕೊನೆಯಲ್ಲಿ ಇವು ಪ್ರಪಂಚದಲ್ಲೆಲ್ಲ ಸೇರಿ ಸುಮಾರು 15,000 ಇದ್ದವು. 2016ರ ಜನವರಿಯ ಗಣತಿಯಲ್ಲಿ ಇಡೀ ಕೀನ್ಯಾಕ್ಕೆ ಸಿಕ್ಕ ಅಂದಾಜು 2,350.

ಅಲ್ಲಿ ಸಾಮಾನ್ಯ ಜೀಬ್ರಾಗಳೂ ಮೇಯುತ್ತವೆ. ನಾನು ಮೊದಲು ಹೊಟ್ಟೆ ನೋಡುತ್ತಿದ್ದೆ. ಬಿಳಿ ಹೊಟ್ಟೆ, ಒತ್ತೊತ್ತಾದ ಸಣ್ಣ ಪಟ್ಟೆ, ದೊಡ್ಡ ದುಂಡು ಕಿವಿ ಇದ್ದರೆ ಗ್ರೆವಿ.

ಆಮೇಲೆ ಬಲಮಗ್ಗುಲಿನ ಫೋಟೊ. ಬಲಮಗ್ಗುಲು ಮಾತ್ರ. ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ ಪ್ರತಿ ಜೀಬ್ರಾದ ಪಟ್ಟೆಯೂ ಬೇರೆ. ಆದರೆ ಅದರದೇ ಎಡ, ಬಲ ಪಟ್ಟೆಗಳೂ ಒಂದೇ ಥರ ಇರುವುದಿಲ್ಲ. ನಾನು ಎಡಗಡೆ, ಇನ್ನೊಬ್ಬರು ಬಲಗಡೆ ತೆಗೆದರೆ ಲೆಕ್ಕದಲ್ಲಿ ಒಂದು ಪ್ರಾಣಿ ಎರಡಾಗುತ್ತದೆ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿ ಎಣಿಸಿದ್ದೂ ಪಟ್ಟೆ ನೋಡಿಯೇ, ಅಲ್ವಾ? ಅಲ್ಲಿ ದಾರಿಯ ಎರಡೂ ಬದಿ ಕ್ಯಾಮೆರಾ ಕಟ್ಟಬಹುದು. ಈ ಬಯಲಲ್ಲಿ ಆ ಅನುಕೂಲ ಇಲ್ಲ. ಹಿಂಡು ಎಡಮಗ್ಗುಲು ತೋರಿಸಿ ನಿಂತರೆ ಗಾಡಿ ಆಫ್ ಮಾಡಿ ಕಾಯುತ್ತಿದ್ದೆವು. ಸುಮ್ನೆ ಸುತ್ತು ಹಾಕಲು ಹೋದರೆ ಓಡಿಬಿಡುತ್ತವೆ. ಭುಜದಿಂದ ತೊಡೆಯವರೆಗೆ ಪಟ್ಟೆ ಪೂರ್ತಿ ಕಾಣಬೇಕು. ಫೋಟೊಗಳ ಪಟ್ಟೆ ಹೋಲಿಸಿ ಯಾವ ಜೀಬ್ರಾ ಎಂದು ಗುರುತಿಸುವುದು ಕಂಪ್ಯೂಟರ್, ಮುಂದೆ ಜಾಲಿಯ ಕೊಂಬೆ ಬಂದರೂ ಅದಕ್ಕೆ ಕಷ್ಟ. ನಡುಮಧ್ಯಾಹ್ನ ಬಿಸಿಗಾಳಿಗೆ ಚಿತ್ರವೇ ನಡುಗುತ್ತದೆ, ಹಾಗಾಗಿ ಬೆಳಗಿನ ಹೊತ್ತೇ ಒಳ್ಳೆಯದು.

ಗಣತಿಯನ್ನು ಎರಡು ದಿನ ಮಾಡುವುದಕ್ಕೆ ಕಾರಣವಿದೆ. ಮೊದಲ ದಿನ ಕಂಡವುಗಳಲ್ಲಿ ಎಷ್ಟು ಎರಡನೇ ದಿನವೂ ಸಿಕ್ಕವು ಎಂದು ನೋಡುತ್ತಾರೆ. ಜಾಸ್ತಿ ಮತ್ತೆ ಸಿಕ್ಕರೆ, ಕಣ್ಣಿಗೆ ಬೀಳದೆ ಉಳಿದವು ಕಡಿಮೆ ಎಂದರ್ಥ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಮರಿಗಳ ಫೋಟೊ. ಎಳೆ ಮರಿಯ ಪಟ್ಟೆ ಕಂದು ಬಣ್ಣದ್ದು, ಬೆನ್ನುದ್ದಕ್ಕೂ ಕೂದಲು ಇರುತ್ತದೆ. ಮರಿಗಳು ಬದುಕಿ ಬೆಳೆಯದಿದ್ದರೆ ದೊಡ್ಡವನ್ನು ಎಷ್ಟು ಎಣಿಸಿದರೂ ಏನು ಬಂತು? ಬೇರೆ ಗ್ರೆವಿಗಳು ಕೆಲವು ದಿನ ನೀರಿಲ್ಲದೆ ತಡೆಯುತ್ತವೆ. ಹಾಲೂಡಿಸುವ ತಾಯಿಗೆ ಹಾಗಾಗುವುದಿಲ್ಲ, ಅದು ನೀರಿನ ಹತ್ತಿರವೇ ಇರಬೇಕು. ಹಗಲೆಲ್ಲ ದನ, ಆಡುಗಳು ನೀರಿಗೆ ಬಂದರೆ ಜೀಬ್ರಾಗಳು ರಾತ್ರಿ ಬರುತ್ತವೆ. ರಾತ್ರಿ ಸಿಂಹದ ಭಯ. ಒಣಗಿದ ಹೊಳೆಯ ಮರಳಲ್ಲಿ ತೋಡಿದ ಬಾವಿಗೆ ಮುಳ್ಳುಬೇಲಿ ಹಾಕಿದ್ದರೆ ಆ ನೀರೂ ಇಲ್ಲ.

ಅದಕ್ಕೇ ಮರಿ ಕಡಿಮೆ ಕಂಡ ಕಡೆ ಜತೆಗಿದ್ದ ಸಂಬೂರು ಹುಡುಗರು ದನಗಾಹಿಗಳ ಹತ್ತಿರ ಕೂತು ಮಾತಾಡುತ್ತಿದ್ದರು. ದನ ಎಷ್ಟು ಹೊತ್ತಿಗೆ ನೀರಿಗೆ ಬರುತ್ತವೆ, ಸಂಜೆ ಹೋಗುವಾಗ ಒಂದು ಬಾವಿಯನ್ನಾದರೂ ತೆರೆದಿಟ್ಟು ಹೋಗಲು ಆಗುತ್ತದಾ ಎಂದು ಕೇಳುತ್ತಿದ್ದರು.