ಕನೆಕ್ಷನ್ ಪೂಲ್ ದೊಡ್ಡದು ಮಾಡಬೇಡಿ, ಕನೆಕ್ಷನ್ ಬೇಗ ವಾಪಸ್ ಕೊಡಿ

ರಾಯಚೂರು ಎಪಿಎಂಸಿಗೆ ಹತ್ತಿ ಬರುವ ಸೀಸನ್. ದಲಾಲಿ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ತಿರುಗುತ್ತಲೇ ಇದೆ, ಬಿಲ್ ಮಾತ್ರ ಬರುತ್ತಿಲ್ಲ. ಸರ್ವರ್‌ನ ಸಿಪಿಯು ಆರಾಮಾಗಿದೆ, ಲಾಗ್ ತೆಗೆದರೆ 30 ಸೆಕೆಂಡ್ ಕಾದರೂ ಕನೆಕ್ಷನ್ ಸಿಗಲಿಲ್ಲ ಎಂಬ ಎರರ್. ಆಗ ತುಂಬಾ ಜನ ಪೂಲ್ (ಆಪ್ ಮೊದಲೇ ತೆರೆದಿಟ್ಟುಕೊಂಡು ಮತ್ತೆ ಮತ್ತೆ ಬಳಸುವ ಡೇಟಾಬೇಸ್ ಕನೆಕ್ಷನ್‌ಗಳ ಗುಂಪು) ಸೈಜ್ 10 ಇದ್ದದ್ದನ್ನು ನೇರ 100ಕ್ಕೆ ಏರಿಸುತ್ತಾರೆ. ದಯವಿಟ್ಟು ಬೇಡ.

ತೂಕದ ಕಾಟಾ ಒಂದೇ ಇರುವಾಗ ಯಾರ್ಡಿನೊಳಗೆ ನೂರು ಲಾರಿ ಬಿಟ್ಟರೆ ತೂಕ ಬೇಗ ಆಗುತ್ತದೆಯೇ? ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಪ್ರತಿ ಕನೆಕ್ಷನ್ನೂ ಒಂದು ಪ್ರತ್ಯೇಕ ಪ್ರೋಸೆಸ್, ಡೀಫಾಲ್ಟ್ ಮಿತಿಯೇ 100. ಪೂಲ್ ಸೈಜ್‌ಗೆ ಡೇಟಾಬೇಸ್ ಸರ್ವರ್‌ನ ಸಿಪಿಯು ಕೋರ್‌ಗಳ ಎರಡರಷ್ಟು ಹಿಡಿಯಿರಿ, ಅದಕ್ಕೆ ಡಿಸ್ಕ್‌ಗಳ ಸಂಖ್ಯೆ ಕೂಡಿಸಿ. 4 ಕೋರ್, 1 ಡಿಸ್ಕ್ ಇದ್ದರೆ 9. ಶುರುವಿಗೆ ಇಷ್ಟು ಸಾಕು.

ಮೊದಲು ಕನೆಕ್ಷನ್‌ಗಳು ಏನು ಮಾಡುತ್ತಿವೆ ನೋಡಿ. ಪ್ರತಿ ಕನೆಕ್ಷನ್‌ನ ಸ್ಥಿತಿ ತೋರಿಸುವ ಪೋಸ್ಟ್‌ಗ್ರೆಸ್‌ನ ಪಿಜಿ ಸ್ಟ್ಯಾಟ್ ಆಕ್ಟಿವಿಟಿಯಲ್ಲಿ (pg_stat_activity) 'ಐಡಲ್ ಇನ್ ಟ್ರಾನ್ಸಾಕ್ಷನ್' (ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ನೆ ಕೂತಿದೆ) ಎಂದು ಸಾಲುಸಾಲು ಕಂಡರೆ ರೋಗ ನಿಮ್ಮ ಕೋಡ್‌ನಲ್ಲೇ ಇದೆ.

ಬಿಲ್ ಸೇವ್ ಮಾಡುವ ಫಂಕ್ಷನ್ ತೆರೆಯಿರಿ. ಟ್ರಾನ್ಸಾಕ್ಷನ್ ಶುರು, ಬಿಲ್ ಇನ್ಸರ್ಟ್, ರೈತರಿಗೆ ಎಸ್‌ಎಂಎಸ್, ಆಮೇಲೆ ಕಮಿಟ್ (ಬದಲಾವಣೆ ಖಾಯಂ ಮಾಡಿ ಟ್ರಾನ್ಸಾಕ್ಷನ್ ಮುಗಿಸುವುದು), ಹೀಗಿದೆ ಅಲ್ವಾ? ಇನ್ಸರ್ಟ್‌ಗೆ 20 ಮಿಲಿಸೆಕೆಂಡ್, ಎಸ್‌ಎಂಎಸ್ ಗೇಟ್‌ವೇ ಉತ್ತರ ಕೊಡಲು 2 ಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ, ಅಷ್ಟು ಹೊತ್ತೂ ಕನೆಕ್ಷನ್ ಸುಮ್ನೆ ಕೂತಿರುತ್ತದೆ. ಸೆಕೆಂಡಿಗೆ 50 ಬಿಲ್ ಬಂದರೆ ಸುಮಾರು 100 ಕನೆಕ್ಷನ್ ಬೇಕು. ಎಸ್‌ಎಂಎಸ್ಸನ್ನು ಕಮಿಟ್ ಆದ ಮೇಲೆ ಕಳಿಸಿ, ಅದೇ ಕೆಲಸಕ್ಕೆ ಸರಾಸರಿ ಒಂದೇ ಒಂದು ಕನೆಕ್ಷನ್ ಸಾಕಾಗುತ್ತದೆ! ಇಡೀ ಲೇಖನದಲ್ಲಿ ಇದೊಂದನ್ನೇ ಮಾಡಿದರೂ ನನಗೆ ಖುಷಿ.

ಜಾವಾದ ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್ ಬಳಸುವವರು ಓಪನ್ ಇನ್ ವ್ಯೂ ಸೆಟ್ಟಿಂಗ್ ಆಫ್ ಮಾಡಿ. ಅದು ಆನ್ ಇದ್ದರೆ ರಿಕ್ವೆಸ್ಟ್ ಮುಗಿಯುವವರೆಗೂ ಕನೆಕ್ಷನ್ ಹಿಡಿದಿಟ್ಟುಕೊಳ್ಳಬಹುದು. ಅದರ ಜೊತೆ ಬರುವ ಪೂಲ್ ಲೈಬ್ರರಿ ಹಿಕಾರಿಯ ಲೀಕ್ ಡಿಟೆಕ್ಷನ್ ಡೀಫಾಲ್ಟಾಗಿ ಆಫ್ ಇರುತ್ತದೆ, 2000 ಮಿಲಿಸೆಕೆಂಡ್‌ಗೆ ಇಡಿ, ಕನೆಕ್ಷನ್ ವಾಪಸ್ ಕೊಡದ ಕೋಡ್ ಯಾವುದೆಂದು ಲಾಗ್‌ನಲ್ಲೇ ಸಿಗುತ್ತದೆ. ಮ್ಯಾಕ್ಸ್ ಲೈಫ್‌ಟೈಮ್ (ಒಂದು ಕನೆಕ್ಷನ್ ಪೂಲ್‌ನಲ್ಲಿ ಇರಬಹುದಾದ ಗರಿಷ್ಠ ಸಮಯ) ಡೀಫಾಲ್ಟಾಗಿ 30 ನಿಮಿಷ ಇರುತ್ತದೆ, ಫೈರ್‌ವಾಲ್ ಅದಕ್ಕಿಂತ ಮೊದಲೇ ಕನೆಕ್ಷನ್ ಕಡಿಯುತ್ತಿದ್ದರೆ ಇನ್ನೂ ಕಡಿಮೆ ಮಾಡಿ.

ಆಪ್ ಹಲವು ಸರ್ವರ್‌ಗಳಲ್ಲಿ ಓಡುತ್ತಿದ್ದರೆ ಎಲ್ಲ ಪೂಲ್‌ಗಳನ್ನೂ ಕೂಡಿಸಿ ಲೆಕ್ಕ ಹಾಕಿ. ಮಿತಿ ಮೀರಿದರೆ ಆಪ್ ಮತ್ತು ಪೋಸ್ಟ್‌ಗ್ರೆಸ್ ನಡುವೆ ಕೂತು ಕನೆಕ್ಷನ್ ಹಂಚುವ ಪಿಜಿಬೌನ್ಸರ್ ಅನ್ನು ಟ್ರಾನ್ಸಾಕ್ಷನ್ ಮೋಡ್‌ನಲ್ಲಿ (ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಕನೆಕ್ಷನ್ ಬೇರೆಯವರಿಗೆ ಕೊಡುವ ರೀತಿ) ಹಾಕಬಹುದು, ಆದರೆ ಸೆಷನ್ ಮಟ್ಟದ ಸೆಟ್ಟಿಂಗ್, ಲಾಕ್ ಬಳಸುವ ಕೋಡ್ ಅಲ್ಲಿ ಕೈಕೊಡುತ್ತದೆ, ಮೊದಲೇ ಪರೀಕ್ಷಿಸಿ.

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಕನೆಕ್ಷನ್‌ಗೆ ಕಾಯುತ್ತಿರುವ ಥ್ರೆಡ್‌ಗಳ ಸಂಖ್ಯೆ ನೋಡಿ. ಅದು ಸೊನ್ನೆ ಹತ್ತಿರ ಇದ್ದರೆ ಪೂಲ್ ಮುಟ್ಟಬೇಡಿ. ಏರುತ್ತಿದ್ದರೆ ಜಾಸ್ತಿ ಹೊತ್ತು ಓಡುವ ಕ್ವೆರಿ ಹುಡುಕಿ, ಇಂಡೆಕ್ಸ್ ಇದೆಯೇ ನೋಡಿ.