ದಮ್ಮು ಏರುವ ಮುನ್ನವೇ ಅದರ ಕಾರಣವನ್ನು ಗುರುತಿಸುವುದು ಹೇಗೆ?

ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯಲ್ಲಿ ಮುಂಗಾರು ಭತ್ತದ ಕೊಯ್ಲು ಶುರುವಾಗುವ ಹೊತ್ತಿಗೇ ಚಳಿಯೂ ಬೀಳತೊಡಗುತ್ತದೆ. ಕಟಾವು ಯಂತ್ರಗಳು ಗದ್ದೆಗಿಳಿಯುತ್ತವೆ, ರಸ್ತೆಯ ಬದಿಯಲ್ಲೇ ಭತ್ತ ಒಣಗುತ್ತದೆ, ಅಲ್ಲಲ್ಲಿ ಹುಲ್ಲಿಗೆ ಬೆಂಕಿ ಹಚ್ಚುತ್ತಾರೆ. ನಮ್ಮ ಅವ್ವನಿಗೆ ದಮ್ಮು ಏರುತ್ತಿದ್ದುದೂ ಇದೇ ದಿನಗಳಲ್ಲಿ. ಬಹಳ ವರ್ಷ ನಾವು ‘ಚಳಿಗೆ ಬಂತು’ ಎಂದು ಹೇಳಿಕೊಂಡು ಸುಮ್ಮನಾದೆವು. ಬೀಡಿಯನ್ನು ಕೈಯಿಂದಲೂ ಮುಟ್ಟದ ಆಕೆಗೆ ಈ ಕಾಯಿಲೆ ಬಂದದ್ದು ಹೇಗೆ, ಅದು ಏರುವುದು ಯಾವುದರಿಂದ ಎಂದು ಕೂತು ಯೋಚಿಸಿದ್ದು ಆಸ್ಪತ್ರೆಗೆ ಮೂರನೆಯ ಸಲ ಕರೆದೊಯ್ದ ಮೇಲೆ.

ವೈದ್ಯರು ಚೀಟಿಯಲ್ಲಿ ಸಿಒಪಿಡಿ ಎಂದು ಬರೆಯುವ ಈ ಕಾಯಿಲೆಯಲ್ಲಿ ಉಸಿರುನಾಳಗಳು ಊದಿಕೊಂಡು ಕಿರಿದಾಗಿರುತ್ತವೆ, ಶ್ವಾಸಕೋಶದೊಳಗಿನ ಗಾಳಿಗೂಡುಗಳು ಹಾಳಾಗಿರುತ್ತವೆ. ಆದ ಹಾನಿ ಪೂರ್ತಿ ಸರಿಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನ ಇದರಿಂದ ತೀರಿಕೊಂಡಿದ್ದಾರೆ. ಬೀಡಿ, ಸಿಗರೇಟಿನಷ್ಟೇ ಅಲ್ಲ, ಕಟ್ಟಿಗೆ ಒಲೆಯ ಹೊಗೆ ಮತ್ತು ಕೆಲಸದ ಜಾಗದ ದೂಳೂ ಇದನ್ನು ತರುತ್ತವೆ. ಕಾಯಿಲೆ ಎಲ್ಲ ದಿನವೂ ಒಂದೇ ಸಮನಿರದೆ ನಡುನಡುವೆ ಕೆಲವೇ ದಿನಗಳಲ್ಲಿ ಉಲ್ಬಣಿಸುತ್ತದೆ, ಮತ್ತು ಹಾಗೆ ಉಲ್ಬಣಿಸಿದ ಪ್ರತಿ ಸಲವೂ ಶ್ವಾಸಕೋಶದ ಶಕ್ತಿ ಇನ್ನೊಂದಿಷ್ಟು ಇಳಿಯಬಹುದು. ಆದ್ದರಿಂದ ತಡೆಯಬೇಕಾದದ್ದು ಈ ಏರಿಕೆಯನ್ನು.

ಮೊದಲು ಎಂದಿನ ದಿನವನ್ನು ಬರೆದಿಡಿ

ಏರಿಕೆ ಗೊತ್ತಾಗಬೇಕಾದರೆ ಸಾಮಾನ್ಯ ದಿನ ಹೇಗಿರುತ್ತದೆಂಬುದು ಗೊತ್ತಿರಬೇಕು. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಎಷ್ಟು ದೂರ ನಡೆದರೆ ಏದುಸಿರು ಬರುತ್ತದೆ, ಕಫ ಎಷ್ಟು ಬೀಳುತ್ತದೆ, ಅದರ ಬಣ್ಣ ಯಾವುದು, ರಾತ್ರಿ ಎಷ್ಟು ದಿಂಬು ಬೇಕಾಗುತ್ತವೆ, ತಕ್ಷಣ ಆರಾಮ ಕೊಡುವ ಪಂಪನ್ನು (ಇನ್‌ಹೇಲರ್) ದಿನಕ್ಕೆ ಎಷ್ಟು ಸಲ ಹೊಡೆಯಬೇಕಾಗುತ್ತದೆ ಎಂಬುದನ್ನು ಆರಾಮಾಗಿರುವ ಒಂದು ವಾರ ಬರೆಯಿರಿ. ರಕ್ತದಲ್ಲಿನ ಆಮ್ಲಜನಕದ ಮಟ್ಟ ತೋರಿಸುವ ಪಲ್ಸ್ ಆಕ್ಸಿಮೀಟರ್ ಇದ್ದರೆ ಬೆರಳಿಗೆ ಹಾಕಿ ಬಂದ ಅಂಕಿಯನ್ನೂ ಸೇರಿಸಿ.

ದಮ್ಮು ಬಹುಪಾಲು ಸೂಚನೆ ಕೊಟ್ಟೇ ಬರುತ್ತದೆ. ಎಂದಿಗಿಂತ ಹೆಚ್ಚು ಏದುಸಿರು, ಎಂದಿಗಿಂತ ಹೆಚ್ಚು ಕಫ, ಬೆಳ್ಳಗಿದ್ದ ಕಫ ಹಳದಿ ಅಥವಾ ಹಸಿರಿಗೆ ತಿರುಗುವುದು, ಈ ಮೂರು ಮುಖ್ಯವಾದವು. ಅವ್ವನ ವಿಷಯದಲ್ಲಿ ಇನ್ನೊಂದು ಗುರುತಿತ್ತು: ಒಳಗಿನಿಂದ ಕೊಡ ತರುವಾಗ ನಡುಮನೆಯ ಕಂಬ ಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದಳು. ಅದಾದ ಎರಡು ಮೂರು ದಿನಕ್ಕೆ ಹಾಸಿಗೆ ಹಿಡಿಯುತ್ತಿದ್ದಳು. ಕೇಳಿದರೆ ‘ಏನಿಲ್ಲ, ಸುಮ್ಮನ ನಿಂತೀನಿ’ ಎನ್ನುತ್ತಿದ್ದಳು. ಕಾಯಿಲೆಯವರು ತಾವಾಗಿ ಹೇಳಿಕೊಳ್ಳುವುದಿಲ್ಲ, ಮನೆಯವರೇ ಗಮನಿಸಬೇಕು.

ನಂತರ ಹಿಂದಿನ ಒಂದೆರಡು ವಾರ ತಿರುವಿ ನೋಡಿ

ಏರಿಕೆ ಕಂಡ ದಿನದಿಂದ ಹಿಂದಕ್ಕೆ ಎಣಿಸಿ, ಆ ಹದಿನಾಲ್ಕು ದಿನಗಳಲ್ಲಿ ಏನೇನು ನಡೆಯಿತೆಂದು ಬರೆಯಿರಿ. ಮನೆಯಲ್ಲಿ ಯಾರಿಗಾದರೂ ನೆಗಡಿಯಾಗಿತ್ತೇ? ಸುಣ್ಣ, ಬಣ್ಣ ಬಳಿದರೇ? ಕಣದಲ್ಲಿ ಕೂತಿದ್ದರೇ? ಪಂಪು ಖಾಲಿಯಾಗಿ ನಾಲ್ಕು ದಿನ ಬಿಟ್ಟಿದ್ದರೇ? ಎರಡು ಮೂರು ಏರಿಕೆಗಳ ಲೆಕ್ಕ ಒಟ್ಟಿಗೆ ಇಟ್ಟುಕೊಂಡರೆ ಒಂದೇ ಮಾತು ಮತ್ತೆ ಮತ್ತೆ ಕಾಣತೊಡಗುತ್ತದೆ.

ನಮ್ಮ ನೋಟ್‌ಬುಕ್‌ನಲ್ಲಿ ಕಂಡದ್ದು ಬಚ್ಚಲ ಒಲೆ. ಅಡುಗೆಗೆ ಗ್ಯಾಸ್ ಬಂದು ವರ್ಷಗಳಾಗಿದ್ದವು, ಹೊಗೆಯ ಕಾಟ ಮುಗಿಯಿತೆಂದೇ ತಿಳಿದಿದ್ದೆವು. ಆದರೆ ಚಳಿ ಬಿದ್ದೊಡನೆ ಮನೆಮಂದಿಗೆಲ್ಲ ಹಂಡೆಯಲ್ಲಿ ನೀರು ಕಾಯಬೇಕು. ನಸುಕಿನಲ್ಲೆದ್ದು ಬಳ್ಳಾರಿ ಜಾಲಿಯ ಕಟ್ಟಿಗೆ, ಹತ್ತಿ ಕಟ್ಟಿಗೆ ತುರುಕಿ ಊದುಗೊಳವೆಯಿಂದ ಊದುತ್ತಿದ್ದವಳು ಅವ್ವನೇ. ಚಳಿಗೆ ಬಂತೆಂದು ನಾವು ಹೇಳುತ್ತಿದ್ದುದರಲ್ಲಿ ಅರ್ಧ ಪಾಲು ಆ ಹೊಗೆಯದಾಗಿತ್ತು. ತಣ್ಣನೆಯ ಗಾಳಿಯೂ ಉಸಿರುನಾಳಗಳನ್ನು ಬಿಗಿಯುತ್ತದೆ ಎಂಬುದು ನಿಜ. ಆದರೂ ಚಳಿಯ ಹಿಂದೆ ಇನ್ನೇನು ಅಡಗಿದೆ ಎಂದು ಹುಡುಕದೆ ಬಿಡಬಾರದು.

ಮನೆಯೊಳಗಿನದನ್ನು ಮೊದಲು ತೆಗೆಯಿರಿ

ಎಲ್ಲಕ್ಕಿಂತ ಮೊದಲು ಬೀಡಿ, ಸಿಗರೇಟು. ಕಾಯಿಲೆಯವರು ಬಿಟ್ಟರೆ ಸಾಲದು, ಮನೆಯೊಳಗೆ ಯಾರೂ ಸೇದಬಾರದು. ಬಿಡಲು ನೆರವು ಬೇಕಾದವರು 1800-11-2356 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು. ಸೊಳ್ಳೆ ಬತ್ತಿಯ ಬದಲು ಸೊಳ್ಳೆಪರದೆ ಕಟ್ಟಿರಿ. ಊದಿನಕಡ್ಡಿ, ಲೋಬಾನದ ಹೊಗೆಯನ್ನು ಅವರು ಮಲಗುವ ಕೋಣೆಯಿಂದ ದೂರವಿಡಿ. ಒಣಮೆಣಸಿನಕಾಯಿ ಹುರಿಯುವ ದಿನ ಅವರನ್ನು ಬೇರೆ ಮನೆಗೆ ಕಳಿಸುವುದು ಒಳ್ಳೆಯದು. ಆ ಘಾಟು ಆರೋಗ್ಯವಂತರ ಎದೆಯನ್ನೇ ಹಿಡಿಯುತ್ತದೆ. ಒಣ ಕಸಬರಿಗೆ ಆಡಿಸುವ ಬದಲು ನೀರು ಚಿಮುಕಿಸಿ ಗುಡಿಸಬೇಕು ಅಥವಾ ಒದ್ದೆ ಬಟ್ಟೆಯಿಂದ ಒರೆಸಬೇಕು.

ಬೇಸಿಗೆಯಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಬಿಸಿಗಾಳಿಯೂ ದಮ್ಮನ್ನು ಏರಿಸಬಲ್ಲದು. ಕೂಲರ್ ಇರುವ ಮನೆಗಳಲ್ಲಿ ಹಳೆಯ ಹುಲ್ಲಿನ ಪ್ಯಾಡಿಗೆ ಬೂಷ್ಟು ಹಿಡಿದಿರುತ್ತದೆ. ಸೀಸನ್ನಿನ ಮೊದಲ ದಿನ ಹಾಗೆಯೇ ಚಾಲೂ ಮಾಡಿದರೆ ಅದೆಲ್ಲ ನೇರ ಎದೆಗಿಳಿಯುತ್ತದೆ. ತೊಟ್ಟಿ ತೊಳೆದು, ಪ್ಯಾಡು ಬದಲಿಸಿ, ಮೊದಲ ಅರ್ಧ ಗಂಟೆ ಕಾಯಿಲೆಯವರಿಲ್ಲದ ಕೋಣೆಯಲ್ಲಿ ಓಡಿಸಿ.

ಹೊರಗಿನ ದೂಳಿಗೆ ಹೊತ್ತು ನೋಡಿ

ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಸಂಡೂರಿನ ಅದಿರು ಲಾರಿಗಳ ಕೆಂಪು ದೂಳು, ಮಿಲ್‌ಗಳ ಹೊಟ್ಟು, ಹತ್ತಿ ಜಿನ್ನಿಂಗ್‌ನ ನಾರು, ಇವುಗಳನ್ನು ಒಂದು ಮನೆಯವರು ನಿಲ್ಲಿಸಲಾಗದು. ಈ ದೂಳನ್ನು ತಡೆಯುವ ಹೊಣೆ ಅದನ್ನು ಎಬ್ಬಿಸುವವರದು ಎಂಬುದನ್ನು ನಾನು ಬಲವಾಗಿ ನಂಬುತ್ತೇನೆ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಹೊತ್ತಿನ ಆಯ್ಕೆ. ಚಳಿಗಾಲದ ಬೆಳಗಿನಲ್ಲಿ ಹೊಗೆ, ದೂಳು ನೆಲಮಟ್ಟದಲ್ಲೇ ನಿಂತಿರುತ್ತವೆ; ಬಿಸಿಲೇರಿ ಗಾಳಿಯಾಡಿದ ಮೇಲೆ ವಾಕಿಂಗ್ ಹೋಗುವುದು ಲೇಸು. ಹೆಗಲ ಟವೆಲ್ ಮೂಗಿಗೆ ಸುತ್ತಿದರೆ ದಪ್ಪ ದೂಳು ನಿಲ್ಲುತ್ತದೆ, ಸಣ್ಣ ಕಣ ನಿಲ್ಲುವುದಿಲ್ಲ. ಎನ್-95 ಮಾಸ್ಕ್ ತಡೆಯುತ್ತದೆ, ಆದರೆ ಉಸಿರಾಡಲು ಕಷ್ಟವೆನಿಸಬಹುದು. ಮೊದಲು ಮನೆಯಲ್ಲಿ ಕೂತು ಹಾಕಿ ನೋಡಬೇಕು.

ನೆಗಡಿಯನ್ನು ಹಗುರವಾಗಿ ಕಾಣಬೇಡಿ

ಏರಿಕೆಗೆ ಅತಿ ಸಾಮಾನ್ಯ ಕಾರಣ ಉಸಿರುನಾಳದ ಸೋಂಕು, ಅದರಲ್ಲೂ ವೈರಸ್ಸಿನದು. ನೆಗಡಿಯಾದ ಮೊಮ್ಮಕ್ಕಳನ್ನು ನಾಲ್ಕು ದಿನ ಅಜ್ಜಿಯ ಮಗ್ಗುಲಲ್ಲಿ ಮಲಗಿಸಬೇಡಿ. ಪ್ರತಿ ವರ್ಷ ಫ್ಲೂ ಲಸಿಕೆ, ವೈದ್ಯರು ಹೇಳಿದಂತೆ ನ್ಯುಮೋನಿಯಾ ಲಸಿಕೆ ಹಾಕಿಸಿ. ಪಂಪು ಚಟವಾಗುತ್ತದೆಂಬ ಮಾತಿಗೆ ಕಿವಿಗೊಟ್ಟು ಅದನ್ನು ನಿಲ್ಲಿಸುವುದೂ ಏರಿಕೆಗೆ ದಾರಿ. ಹಾಗೆಯೇ, ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಆ್ಯಂಟಿಬಯಾಟಿಕ್, ಸ್ಟೀರಾಯ್ಡ್ ಮಾತ್ರೆ ತಂದು ನುಂಗಿಸಬೇಡಿ; ಒಮ್ಮೆ ನಾವು ಹಾಗೆ ಮಾಡಿ ಎರಡು ದಿನ ಕಳೆದುಕೊಂಡೆವು.

ಸೂಚನೆ ಕಂಡ ದಿನವೇ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಂಡು ನೋಟ್‌ಬುಕ್‌ನ ಕೊನೆಯ ಪುಟಕ್ಕೆ ಅಂಟಿಸಿಡಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ಅಥವಾ ಉಗುರು ನೀಲಿಗಟ್ಟಿದರೆ, ಮಂಪರು ಹಿಡಿದರೆ, ಮಾತು ತಡವರಿಸಿದರೆ, ಪಂಪು ಹೊಡೆದರೂ ಉಸಿರು ಇಳಿಯದಿದ್ದರೆ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಮಲಗಿಸಬೇಡಿ. ಮುಂದಕ್ಕೆ ಬಾಗಿ ಮೊಣಕಾಲಿಗೆ ಕೈ ಊರಿ ಕೂರಿಸಿ, ತುಟಿ ಸಣ್ಣದಾಗಿ ಮಾಡಿ ನಿಧಾನವಾಗಿ ಉಸಿರು ಬಿಡಲು ಹೇಳಿ. ಹೊರಡುವಾಗ ಪಂಪುಗಳನ್ನೂ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಳ್ಳಿ, ಸಿಒಪಿಡಿ ಇದೆಯೆಂದು ಆಂಬುಲೆನ್ಸ್ ಸಿಬ್ಬಂದಿಗೆ ಮೊದಲೇ ತಿಳಿಸಿ. ಈ ಕಾಯಿಲೆಯವರಿಗೆ ರಕ್ತದಲ್ಲಿನ ಆಮ್ಲಜನಕದ ಮಟ್ಟ ಸಾಮಾನ್ಯವಾಗಿ ಶೇ 88ರಿಂದ 92ರ ನಡುವೆ ನಿಲ್ಲುವಂತೆ ಆಮ್ಲಜನಕವನ್ನು ಅಳೆದು ಕೊಡುತ್ತಾರೆ, ಅತಿಯಾದರೆ ಮಂಪರು ಹೆಚ್ಚಬಹುದು.